ಪ್ಲೇಸ್‌ಮೆಂಟ್ ರಾಯರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಕೆಳಗೊಂದು ಜೆರಾಕ್ಸ್ ಅಂಗಡಿ, ಮೇಲೊಂದು ಕನ್ಸಲ್ಟೆನ್ಸಿ ಇರುತ್ತದೆ. ಮೆಟ್ಟಿಲು ಕಿರಿದು, ಬೋರ್ಡು ದೊಡ್ಡದು. ಬೋರ್ಡಿನಲ್ಲಿ ‘ಗ್ಲೋಬಲ್’ ಎಂಬ ಪದ ಇದ್ದೇ ಇರುತ್ತದೆ. ಒಳಗೆ ಮೂರು ಮೇಜು, ನಾಲ್ಕು ಹೆಡ್‌ಫೋನು, ಒಂದು ಗಣಪತಿ. ಆ ಗಣಪತಿಗೆ ಎದುರಾಗಿ ಕೂತವರೇ ಪ್ಲೇಸ್‌ಮೆಂಟ್ ರಾಯರು. ನಿಮ್ಮ ಬಡಾವಣೆಯಲ್ಲಿ ಅವರು ಗೌಡರೋ ಶೆಟ್ಟರೋ ಆಗಿರಬಹುದು. ಮೆಟ್ಟಿಲು ಮಾತ್ರ ಅದೇ.

ರಾಯರ ಡ್ರಾಯರಿನಲ್ಲಿ ಉದ್ಯೋಗ ವಿನಿಮಯ ಕೇಂದ್ರದ ಒಂದು ಹಳೆಯ ಕಾರ್ಡಿದೆ. ಬಿ.ಕಾಂ. ಮುಗಿಸಿದ 1986ರಲ್ಲಿ ಸಾಲಿನಲ್ಲಿ ನಿಂತು ಮಾಡಿಸಿದ್ದು. ಮೂರು ವರ್ಷಕ್ಕೊಮ್ಮೆ ಹೋಗಿ ನವೀಕರಿಸಿ, ಸೀಲು ಹಾಕಿಸಿಕೊಂಡು ಬರಬೇಕಿತ್ತು. ರಾಯರು ತಪ್ಪದೆ ಹೋದರು, ಸೀಲು ತಪ್ಪದೆ ಬಿತ್ತು, ಕರೆ ಮಾತ್ರ ಬರಲಿಲ್ಲ. ಅಲ್ಲಿ ಸಾಲಿನಲ್ಲಿ ಹಿಂದೆ ಮುಂದೆ ನಿಂತವರಿಗೆ ‘ಅಲ್ಲಿ ಅಕೌಂಟೆಂಟ್ ಬೇಕಂತೆ, ಇಲ್ಲಿ ಟೈಪಿಸ್ಟ್ ಬೇಕಂತೆ’ ಎಂದು ಹೇಳುತ್ತಾ ಹೇಳುತ್ತಾ ಅದೇ ಅವರ ಕಸುಬಾಯಿತು. ಊರಿಗೆಲ್ಲ ಕೆಲಸ ಕೊಡಿಸಿದ ಈ ಮನುಷ್ಯನನ್ನು ಇಂದಿನವರೆಗೆ ಯಾರೂ ಒಂದು ಇಂಟರ್‌ವ್ಯೂಗೆ ಕರೆದಿಲ್ಲ. ಇದನ್ನು ಅವರು ನಗುತ್ತಲೇ ಹೇಳುತ್ತಾರೆ. ಕಾರ್ಡನ್ನು ಮಾತ್ರ ಬಿಸಾಡಿಲ್ಲ.

‘ನೀವು ಒಂಥರಾ ಮದುವೆ ಬ್ರೋಕರ್ರು ಅಲ್ವೇ ರಾಯರೇ?’ ಎಂದು ಒಮ್ಮೆ ಬಾಯಿ ತಪ್ಪಿ ಅಂದೆ. ಕಾಫಿ ಲೋಟ ಕೆಳಗಿಟ್ಟರು. ‘ಯಾವ ಬ್ರೋಕರ್ ಸ್ವಾಮೀ ತೊಂಬತ್ತು ದಿನದ ಗ್ಯಾರಂಟಿ ಕೊಡ್ತಾನೆ? ಹುಡುಗಿ ಎರಡು ತಿಂಗಳಿಗೆ ತವರಿಗೆ ಹೋದರೆ, ಪುಕ್ಕಟೆ ಇನ್ನೊಂದು ಹುಡುಗಿ ತಂದು ಕೊಡ್ತಾನಾ? ನಾನು ಕೊಡಬೇಕು!’

ಮಾತು ಖರೆ. ಕ್ಯಾಂಡಿಡೇಟು ಸೇರಿದ ಮೂರು ತಿಂಗಳೊಳಗೆ ಬಿಟ್ಟರೆ ರಾಯರು ಬದಲಿ ಆಳು ಹುಡುಕಿಕೊಡಬೇಕು. ಅವರ ಕಮಿಷನ್ನು ವರ್ಷದ ಸಂಬಳದ ಶೇ 8.33. ಇದೇನು ವಿಚಿತ್ರ ಅಂಕಿ ಎಂದು ಬೆರಗಾಗಬೇಡಿ, ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಒಂದು ತಿಂಗಳ ಸಂಬಳ, ಅಷ್ಟೇ. ಹನ್ನೆರಡು ಲಕ್ಷದ ಹುಡುಗ ಸೇರಿದರೆ ಲೆಕ್ಕಕ್ಕೆ ಒಂದು ಲಕ್ಷ. ಬಿಲ್ಲು ಹರಿದರೆ ಸಾಕು, ಅದರ ಮೇಲಿನ ಶೇ 18 ಜಿಎಸ್‌ಟಿ ಮುಂದಿನ ತಿಂಗಳು ಸರ್ಕಾರಕ್ಕೆ ಹೋಗಬೇಕು. ಕಂಪನಿಯವರು ದುಡ್ಡು ಕೊಡುವುದು ಮೂರು ತಿಂಗಳಿಗೆ, ಅದೂ ‘ಹುಡುಗ ಇನ್ನೂ ಇದ್ದಾನಾ ನೋಡಿ ಹೇಳ್ತೀವಿ’ ಎಂದ ಮೇಲೆ. ಹಾಗಾಗಿ ತಾವು ಸೇರಿಸಿದ ಪ್ರತಿಯೊಬ್ಬನ ಆರೋಗ್ಯ, ಮನಸ್ಸು, ಮ್ಯಾನೇಜರಿನ ಜೊತೆಗಿನ ಸಂಬಂಧ ಎಲ್ಲವನ್ನೂ ರಾಯರು ತೊಂಬತ್ತು ದಿನ ಬಾಣಂತನದಂತೆ ನೋಡಿಕೊಳ್ಳುತ್ತಾರೆ. ತೊಂಬತ್ತೊಂದನೆಯ ದಿನ ಅವನ ಹೆಸರೇ ಮರೆತುಹೋಗುತ್ತದೆ.

ಈ ಕಸುಬು ಮುಳುಗುತ್ತದೆ ಎಂದು ಜ್ಯೋತಿಷ್ಯ ಹೇಳಿದವರಿಗೆ ಲೆಕ್ಕವಿಲ್ಲ. 1997ರಲ್ಲಿ ನೌಕ್ರಿ ಡಾಟ್ ಕಾಮ್ ಬಂದಾಗ, ಬುಧವಾರದ ಇಂಗ್ಲಿಷ್ ಪತ್ರಿಕೆಯ ಜಾಹೀರಾತು ಕತ್ತರಿಸಿ ಫೈಲು ಮಾಡುತ್ತಿದ್ದ ರಾಯರ ಕಥೆ ಮುಗಿಯಿತೆಂದರು. ರಾಯರು ಕತ್ತರಿ ಕೆಳಗಿಟ್ಟು ಅದೇ ನೌಕ್ರಿಗೆ ಚಂದಾ ಕಟ್ಟಿದರು. ಲಿಂಕ್ಡ್‌ಇನ್ ಬಂತು, ಕೋಟು ತೊಟ್ಟು ಫೋಟೋ ಹಾಕಿದರು. (ಕೋಟು ಷಡ್ಡಕನದು.) 2008ರಲ್ಲಿ ಯಾರೂ ಯಾರನ್ನೂ ತೆಗೆದುಕೊಳ್ಳದೆ ಇದ್ದಾಗ ಒಂದು ವರ್ಷ ಎಲ್‌ಐಸಿ ಪಾಲಿಸಿ ಮಾರಿದರು. 2021ರಲ್ಲಿ ಒಬ್ಬೊಬ್ಬ ಹುಡುಗನ ಕಿಸೆಯಲ್ಲೂ ನಾಲ್ಕು ಆಫರ್ ಲೆಟರ್. ಇಲ್ಲಿಯ ಆಫರು ಹಿಡಿದು ಅಲ್ಲಿ ಚೌಕಾಸಿ, ಅಲ್ಲಿಯದು ಹಿಡಿದು ಇಲ್ಲಿ. ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕಕ್ಕೂ ಅಷ್ಟು ಚೌಕಾಸಿ ನಡೆಯುವುದಿಲ್ಲ. ಈಗ ಚಾಟ್‌ಜಿಪಿಟಿ ಬಂದ ಮೇಲೆ ಜ್ಯೋತಿಷಿಗಳು ಮತ್ತೆ ಕವಡೆ ಹಾಕಿದ್ದಾರೆ.

ಈ ಬಗ್ಗೆ ರಾಯರಿಗೊಂದು ಸಿದ್ಧಾಂತವಿದೆ. ‘ನೋಡೀ, ಕಂಪನಿ ಎಚ್ಚಾರು ಜೆಡಿ, ಅಂದರೆ ಕೆಲಸದ ವಿವರ, ಬರೆಸೋದು ಎಐ ಕೈಲಿ. ಹುಡುಗ ಅದನ್ನೇ ಎಐಗೆ ಕೊಟ್ಟು, ಇದಕ್ಕೆ ಒಪ್ಪೋ ರೆಸ್ಯೂಮೆ ಮಾಡಿಕೊಡು ಅಂತಾನೆ. ಕಂಪನೀಲಿ ಅದನ್ನ ಓದಿ ಆರಿಸೋದೂ ಎಐ. ನೂರಕ್ಕೆ ತೊಂಬತ್ತೆಂಟು ಮ್ಯಾಚು ಅಂತ ಬರುತ್ತೆ. ಬರದೆ ಏನು ಮಾಡುತ್ತೆ? ವರ ವಧು ಇಬ್ಬರದೂ ಒಂದೇ ಗೋತ್ರ! ಸಗೋತ್ರದಲ್ಲಿ ಸಂಬಂಧ ಮಾಡಬಾರದು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿದರಾ?’

ಬ್ರೋಕರ್ ಎಂದರೆ ಸಿಟ್ಟು. ಉಪಮೆ ಬೇಕಾದಾಗ ಮಾತ್ರ ಮದುವೆ ಮನೆಗೇ ಹೋಗುತ್ತಾರೆ. ವಿಡಿಯೋ ಇಂಟರ್‌ವ್ಯೂನಲ್ಲಿ ಬೇರೆಯವನು ಕೂತು ಉತ್ತರ ಹೇಳಿ, ಕೆಲಸಕ್ಕೆ ಬೇರೆಯವನು ಬರುವ ಹೊಸ ವಿದ್ಯೆಯನ್ನೂ ಅವರು ಹಾಗೆಯೇ ವಿವರಿಸುವುದು: ‘ತೋರಿಸಿದ್ದು ಅಕ್ಕನ್ನ, ಧಾರೆ ಎರೆದದ್ದು ತಂಗೀನ. ಇಂಟರ್‌ವ್ಯೂನಲ್ಲಿ ಮೀಸೆ ಇತ್ತು, ಸೋಮವಾರ ಬಂದವನಿಗೆ ಇರಲಿಲ್ಲ. ಕೇಳಿದರೆ ತಿರುಪತಿಗೆ ಹೋಗಿದ್ದೆ ಅಂದ.’

ರಾಯರ ನಿಜವಾದ ಬಂಡವಾಳ ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ಒಂಟಿಕೊಪ್ಪಲ್ ಪಂಚಾಂಗ. ನೋಟಿಸ್ ಪೀರಿಯಡ್ಡು ತೊಂಬತ್ತು ದಿನ ಎಂದು ಯಂತ್ರ ಕೂಡಿಸಿ ಕಳೆದು ತಾರೀಕು ಹೇಳೀತು. ಆ ತಾರೀಕು ಆಷಾಢದಲ್ಲಿ ಬಿದ್ದರೆ ಹಾಸನದ ಹುಡುಗ ಬರುವುದಿಲ್ಲ ಎಂದು ರಾಯರಿಗೆ ಮಾತ್ರ ಗೊತ್ತು. ಹುಡುಗ ಹಾಗೆಂದು ಹೇಳುವುದಿಲ್ಲ. ‘ಸರ್, ಕೆಟಿ ಮುಗಿದಿಲ್ಲ’ ಅನ್ನುತ್ತಾನೆ. (ಕೆಟಿ ಎಂದರೆ ಹಳೆಯ ಕೆಲಸವನ್ನು ಇನ್ನೊಬ್ಬನಿಗೆ ಕಲಿಸಿ ಒಪ್ಪಿಸುವುದು.) ರಾಯರು ನೇರವಾಗಿ ತಾಯಿಗೆ ಫೋನು ಹಚ್ಚುತ್ತಾರೆ. ‘ಅಮ್ಮಾವ್ರೇ, ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು. ರಿಪೋರ್ಟಿಂಗ್ ಎಂಟೂವರೆಗೆ. ನಿಜ, ನಿಜ. ಆದರೆ ಲೆಕ್ಕಕ್ಕೆ ಬರೋದು ಮನೆ ಹೊಸಿಲು ದಾಟಿದ ಗಳಿಗೆ. ಏಳೂಕಾಲಿಗೆ ಕಳಿಸಿಬಿಡಿ. ಈ ಟ್ರಾಫಿಕ್ಕಲ್ಲಿ ಹೇಗೂ ಅಷ್ಟು ಹೊತ್ತಿಗೇ ಹೊರಡಬೇಕು.’ ತಾಯಿ ಒಪ್ಪಿದ ಮೇಲೆ ಮಗನ ಕೆಟಿ ತಾನಾಗಿ ಮುಗಿಯುತ್ತದೆ.

ಊರಿನ ಭೂಗೋಳವೂ ಅವರ ತಲೆಯಲ್ಲಿದೆ. ವಿಜಯನಗರದವನನ್ನು ವೈಟ್‌ಫೀಲ್ಡಿಗೆ ಸೇರಿಸಿದರೆ ಉಳಿಯುವುದು ಎರಡು ತಿಂಗಳು, ಯಲಹಂಕದವನನ್ನು ಎಲೆಕ್ಟ್ರಾನಿಕ್ ಸಿಟಿಗೆ ಸೇರಿಸಿದರೆ ಒಂದೇ ತಿಂಗಳು. 2025ರ ಆಗಸ್ಟ್‌ನಲ್ಲಿ ಮೆಟ್ರೋ ಹಳದಿ ಮಾರ್ಗ ಶುರುವಾದ ದಿನ ರಾಯರು ಆಫೀಸಿನಲ್ಲಿ ಮೈಸೂರುಪಾಕು ಹಂಚಿದರು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ರೈಲು ಬಂದರೆ ಇವರಿಗೇನು ಸಂಭ್ರಮ ಎಂದು ಜೆರಾಕ್ಸ್ ಅಂಗಡಿಯವನಿಗೆ ಅರ್ಥವಾಗಲಿಲ್ಲ. ‘ಸಿಲ್ಕ್ ಬೋರ್ಡ್ ಟ್ರಾಫಿಕ್ ಒಂದರಿಂದಲೇ ನಾನು ಎಷ್ಟು ರಿಪ್ಲೇಸ್‌ಮೆಂಟ್ ಕೊಟ್ಟಿದೀನಿ ಗೊತ್ತೇನಯ್ಯಾ!’ ಎಂದು ಅವನ ಕೈಗೆ ಎರಡು ತುಂಡು ಹೆಚ್ಚಿಗೆ ಇಟ್ಟರು.

ಇಂಟರ್‌ವ್ಯೂಗೆ ಮುಂಚೆ ಹುಡುಗರಿಗೆ ಅವರು ಹೇಳುವ ಪಾಠ ಒಂದೇ. ‘ನೋಡಪ್ಪಾ, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನು, ಪರವಾಗಿಲ್ಲ. ಎಷ್ಟು ಸಂಬಳ ಬೇಕು ಅಂದರೆ ಮಾತ್ರ ನೆಗೋಷಿಯಬಲ್ ಅನ್ನಬೇಡ. ಒಂದು ಅಂಕಿ ಹೇಳು. ನೆಗೋಷಿಯಬಲ್ ಅಂದವನು ಆಗಲೇ ಸೋತ.’ ಈ ವಾಕ್ಯ ಕೇಳಿ ಕೇಳಿ ಗೋಡೆಯ ಗಣಪತಿಗೂ ಬಾಯಿಪಾಠ ಬಂದಿರಬೇಕು.

ಹೋದ ತಿಂಗಳು ಸಂಜೆ ನಾನು ಅಲ್ಲೇ ಕೂತಿದ್ದಾಗ ಫೋನು ಬಂತು. ರಾಯರು ಸ್ಪೀಕರಿಗೆ ಹಾಕಿದರು. ಹೆಂಗಸಿನ ದನಿ, ಆದರೆ ಉಸಿರಿಲ್ಲ. ‘ನಮಸ್ಕಾರ. ತಮ್ಮ ಲಿಂಕ್ಡ್‌ಇನ್ ವಿವರಗಳನ್ನು ಪರಿಶೀಲಿಸಲಾಗಿದೆ. ಪ್ರತಿಭಾನ್ವೇಷಣೆಯಲ್ಲಿ ತಾವು ಅನುಭವ ಹೊಂದಿರುತ್ತೀರಿ. ತಾವು ಪ್ರಸ್ತುತ ಉದ್ಯೋಗಾವಕಾಶವನ್ನು ಅರಸುತ್ತಿರುವಿರಾ?’

‘ಎಐ!’ ಎಂದು ರಾಯರು ನನ್ನ ಕಡೆ ಕಣ್ಣು ಮಿಟುಕಿಸಿದರು. ಬಂದ ವೈರಿಯನ್ನು ಬಿಡುತ್ತಾರೆಯೇ? ‘ಏನಮ್ಮಾ, ಮೊದಲು ಮಾತಾಡೋಕೆ ಪುರುಸೊತ್ತಿದೆಯಾ ಅಂತ ಕೇಳಬೇಕು. ಆಮೇಲೆ ಊಟ ಆಯ್ತಾ ಅನ್ನಬೇಕು. ಕೆಲಸದ ವಿಷಯ ಮೂರನೇದು.’

‘ಕ್ಷಮಿಸಿ, ತಮ್ಮ ಉತ್ತರ ಸ್ಪಷ್ಟವಾಗಲಿಲ್ಲ. ತಮ್ಮ ನೋಟಿಸ್ ಅವಧಿ ಎಷ್ಟು?’

‘ನನಗ್ಯಾರು ನೋಟಿಸ್ ಕೊಡ್ತಾರಮ್ಮ?’

‘ಧನ್ಯವಾದಗಳು. ತಕ್ಷಣ ಸೇರಬಹುದು ಎಂದು ನಮೂದಿಸಲಾಗಿದೆ. ತಮ್ಮ ಪ್ರಸ್ತುತ ವಾರ್ಷಿಕ ವೇತನ ಎಷ್ಟು?’

ರಾಯರು ಬಾಯಿ ತೆರೆದರು, ಮುಚ್ಚಿದರು. ಸಂಬಳ ಎಂಬುದನ್ನು ಅವರು ತೆಗೆದುಕೊಂಡೇ ಇಲ್ಲ. ಆಫೀಸಿನ ಹೆಡ್‌ಫೋನು ಹುಡುಗಿಯರಿಗೆ ಕೊಟ್ಟು, ಬಾಡಿಗೆ ಕಟ್ಟಿ, ಜಿಎಸ್‌ಟಿ ತುಂಬಿ ಉಳಿದದ್ದನ್ನು ಮನೆಗೆ ಒಯ್ದವರು. ‘ಅದು ಬಿಡಿ, ಮುಂದಿನದು ಕೇಳಿ’ ಎಂದರು. ನಾನು ಫೋನು ಇಡುತ್ತಾರೆಂದುಕೊಂಡೆ. ಇಡಲಿಲ್ಲ. ಸ್ಪೀಕರ್ ಆರಿಸಿ ಕಿವಿಗೆ ಹಿಡಿದರು. ಕುರ್ಚಿಯಲ್ಲಿ ನೆಟ್ಟಗೆ ಕೂತು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಎಡಗೈ ಡ್ರಾಯರು ಎಳೆದು, ಅಂಚು ಸವೆದ ಆ ಕಾರ್ಡನ್ನು ಮೇಜಿನ ಮೇಲೆ ಇಟ್ಟಿತು.

ಅತ್ತಲಿಂದ ಏನು ಕೇಳಿತೋ ನನಗೆ ಕೇಳಿಸಲಿಲ್ಲ. ರಾಯರು ಒಮ್ಮೆ ಗಣಪತಿಯ ಕಡೆ ನೋಡಿ, ನನ್ನ ಕಡೆಗೆ ಬೆನ್ನು ತಿರುಗಿಸಿ, ತೀರ ಸಣ್ಣ ದನಿಯಲ್ಲಿ ಅಂದರು:

‘ನೆಗೋಷಿಯಬಲ್.’