ತಗ್ಗಿಸಿದ ಕಾರಿನ ಧಣಿ

ಕಾರು ತಗ್ಗಿಸಿದವನನ್ನು ಗುರುತು ಹಿಡಿಯಲು ಕಾರೇ ಕಣ್ಣಿಗೆ ಬೀಳಬೇಕೆಂದಿಲ್ಲ. ಹಾಲು ತರಲು ನಡೆದುಕೊಂಡು ಹೊರಟಾಗಲೂ ಅವನ ಕಣ್ಣು ರಸ್ತೆಯ ಮೇಲೇ ಇರುತ್ತದೆ. ಎದುರಿಗೆ ಬಂದ ನೆಂಟರನ್ನು ಮರೆತಾನು, ಗುಂಡಿಯನ್ನು ಮರೆಯುವವನಲ್ಲ. ಯಾವ ಅಡ್ಡರಸ್ತೆಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ಎಷ್ಟು ಬೆರಳು ಮೇಲೆದ್ದಿದೆ, ಯಾವ ಹಂಪನ್ನು ಎಡಗಡೆಯಿಂದ ಹತ್ತಬೇಕು, ಯಾವ ಕಲ್ಯಾಣಮಂಟಪದ ಬೇಸ್‌ಮೆಂಟಿಗೆ ಸತ್ತರೂ ಇಳಿಯಬಾರದು, ಎಲ್ಲವೂ ಅವನಿಗೆ ಬಾಯಿಪಾಠ. ಬೆಂಗಳೂರಿನ ರಸ್ತೆಗಳ ಬಗ್ಗೆ ಅವನ್ನು ಹಾಕಿದವರಿಗೂ ಇಷ್ಟು ಗೊತ್ತಿರಲಾರದು.

ಇಂಥವರು ಊರ ತುಂಬ ಇದ್ದಾರೆ. ನಾನು ಬರೆಯುತ್ತಿರುವುದು ಒಟ್ಟು ಕುಲದ ಬಗ್ಗೆಯೇ ಹೊರತು ಯಾರೊಬ್ಬರ ಬಗ್ಗೆಯೂ ಅಲ್ಲ. ಅವರಲ್ಲೊಬ್ಬ ನನ್ನ ಹೆಂಡತಿಯ ತಮ್ಮ ಎಂಬುದು ಬರೀ ಕಾಕತಾಳೀಯ.

ಭಾವಮೈದ ಸೆಕೆಂಡ್‌ಹ್ಯಾಂಡಿನಲ್ಲಿ ಒಂದು ಸೆಡಾನ್ ಕೊಂಡ. ಒಳ್ಳೆಯ ಕಾರು. ಕಂಪನಿಯವರು ನೆಲಕ್ಕೂ ಹೊಟ್ಟೆಗೂ ನಡುವೆ 165 ಮಿಲಿಮೀಟರ್ ಬಿಟ್ಟಿದ್ದರು. ಮನೆಗೆ ತಂದು ಪೂಜೆ ಮಾಡಿ, ನಿಂಬೆಹಣ್ಣು ಹತ್ತಿಸಿದ ಮರುವಾರವೇ ಇವನು ಅದನ್ನು ಒಂದು ಗ್ಯಾರೇಜಿಗೆ ಒಯ್ದು, ನಾಲ್ಕೂ ಸ್ಪ್ರಿಂಗುಗಳ ಒಂದೊಂದು ಸುತ್ತನ್ನು ಗ್ರೈಂಡರಿನಲ್ಲಿ ಕತ್ತರಿಸಿಕೊಂಡು ಬಂದ. ಮೊದಲು ಟೈರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ತೂರುತ್ತಿದ್ದವು. ಈಗ ಒಂದು ವಿಸಿಟಿಂಗ್ ಕಾರ್ಡು ತೂರುತ್ತದೆ, ಅದೂ ಕಾರಲ್ಲಿ ಯಾರೂ ಕೂತಿರದಿದ್ದರೆ. ಇದಕ್ಕೆ ಅವನು ‘ಸ್ಟಾನ್ಸ್’ ಅನ್ನುತ್ತಾನೆ. ಅವನ ಫೋನಿನ ತುಂಬ ನಿಂತ ಕಾರಿನ ಫೋಟೊಗಳು: ಸಂಜೆ ಬಿಸಿಲಲ್ಲಿ ನಿಂತದ್ದು, ಫ್ಲೈಓವರ್ ಕೆಳಗೆ ನಿಂತದ್ದು, ಮಳೆ ನೀರಿನ ಪಕ್ಕ ನಿಂತದ್ದು. ಓಡುತ್ತಿರುವ ಕಾರಿನ ಫೋಟೊ ಒಂದೂ ಇಲ್ಲ.

ನಾನು ಕಾನೂನು ತೆಗೆದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಇದೆಯಪ್ಪ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಹಾಗೇ ಹೇಳಿದೆ ಅಂದೆ.

“ಬದಲಾಯಿಸಿಲ್ಲ ಭಾವ, ಇಳಿಸಿದ್ದೀನಿ ಅಷ್ಟೆ” ಅಂದ.

ಆಮೇಲೆ ಕ್ಯಾಲಿಫೋರ್ನಿಯಾ ತೆಗೆದ. ಅಲ್ಲಿ 1958ರಲ್ಲಿ ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿಗಿಂತ ಕೆಳಗಿರಕೂಡದು ಎಂದು ಕಾನೂನು ಮಾಡಿದರಂತೆ. ಅಲ್ಲಿನ ಮೆಕ್ಸಿಕನ್ ಅಮೆರಿಕನ್ ಹುಡುಗರು ಕಾರಿಗೆ ಹೈಡ್ರಾಲಿಕ್ ಪಂಪು ಹಾಕಿ, ಪೊಲೀಸರು ಕಂಡಾಗ ಎತ್ತಿ, ಹೋದಮೇಲೆ ಇಳಿಸಿ ಸಾಗಿದರಂತೆ. ಕಡೆಗೆ 2024ರಿಂದ ಆ ಕಾನೂನೇ ಹೋಯಿತಂತೆ. ಕಥೆ ನಿಜವೇ. ಅವರ ಹತ್ತಿರ ಎತ್ತುವ ಸ್ವಿಚ್ಚಿತ್ತಲ್ಲೋ ಮಾರಾಯ, ನಿನ್ನ ಹತ್ತಿರ ಏನಿದೆ ಅಂದೆ.

ಅವನ ಹತ್ತಿರ ನಾವಿದ್ದೆವು. ಇದು ನಮಗೆ ಗೊತ್ತಾದದ್ದು ಹಾಸನದ ಕಡೆ ಒಂದು ಮದುವೆಗೆ ಹೋದಾಗ.

ಹಾಸನದವರೆಗೆ ಹೆದ್ದಾರಿ, ತೊಂದರೆಯಿಲ್ಲ. ಬೇಲೂರು ರಸ್ತೆಯಿಂದ ಹಳ್ಳಿ ಕಡೆಗೆ ತಿರುಗಿದ್ದೇ ಮೊದಲ ಹಂಪು ಎದುರಾಯಿತು. ಹಂಪಿಗೂ ಒಂದು ಶಾಸ್ತ್ರವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಅದು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಯಾರ ಬೆನ್ನಿಗೂ ನೋವಾಗದಂತೆ ದಾಟಬೇಕು. ನಮ್ಮೆದುರಿಗಿದ್ದದ್ದು, ಯಾರದೋ ಮನೆಯ ತಾರಸಿ ಹಾಕಿ ಮಿಕ್ಕ ಕಾಂಕ್ರೀಟನ್ನು ಊರವರು ಸೇರಿ ರಸ್ತೆಗೆ ಅಡ್ಡ ಸುರಿದು ಮಾಡಿಕೊಂಡದ್ದು. ಭಾವಮೈದ ಕಾರು ನಿಲ್ಲಿಸಿದ. ನಾಲ್ಕೂ ಇಂಡಿಕೇಟರ್ ಹಾಕಿದ. ಹಂಪಿನ ಕಡೆ ನೋಡಿದ, ತಿರುಗಿ ನನ್ನ ಹೊಟ್ಟೆಯ ಕಡೆ ನೋಡಿದ.

“ಭಾವ, ಬೇಜಾರು ಮಾಡ್ಕೋಬೇಡಿ...”

ಇಳಿದೆ. ಸಣ್ಣ ಹಂಪಿಗೆ ನಾನೊಬ್ಬ ಇಳಿದರೆ ಸಾಕು, ನಡುವಿನದಕ್ಕೆ ನಾನೂ ನನ್ನ ಹೆಂಡತಿಯೂ, ದೊಡ್ಡದಾದರೆ ಮಂಡಿನೋವಿನ ಅತ್ತೆಯೂ. ಮನೆಯವರ ತೂಕದ ಪಟ್ಟಿ ಹೀಗೆ ಹಾಡಹಗಲೇ ನಡುರಸ್ತೆಯಲ್ಲಿ ಪ್ರಕಟವಾಯಿತು, ಮೊದಲ ಹೆಸರು ನನ್ನದು. ಇಳಿಯುವುದರಲ್ಲೇ ಕೆಲಸ ಮುಗಿಯಲಿಲ್ಲ. “ಭಾವ, ಸ್ವಲ್ಪ ಕೆಳಗೆ ಬಗ್ಗಿ ನೋಡ್ತಾ ಇರಿ, ಚೇಂಬರ್ ತಾಗತ್ತಾ ಹೇಳಿ” ಅಂದ. ಜರಿಪಂಚೆ ಉಟ್ಟು, ಶಲ್ಯ ಹೊದ್ದು, ನಡುರಸ್ತೆಯಲ್ಲಿ ಮಂಡಿಯೂರಿ ಕಾರಿನ ಕೆಳಗೆ ಇಣುಕುತ್ತ “ಬರಲಿ, ಬರಲಿ, ಇನ್ನೊಂದು ಬೆರಳಿದೆ, ಬರಲಿ” ಎಂದು ನಾನು ಕೂಗುತ್ತಿದ್ದೆ. ಹಿಂದಿನಿಂದ ಬಂದ ಟ್ರ್ಯಾಕ್ಟರಿನವನು ನಿಲ್ಲಿಸಿ, “ಕೆಟ್ಟೋಯ್ತಾ ಸಾಮಿ? ಎಳೀಲಾ?” ಅಂತ ಕೇಳಿದ. ಅತ್ತೆ ಸೆರಗು ಸರಿಮಾಡಿಕೊಂಡು, “ಇಲ್ಲ ಕಣಪ್ಪ, ಹೊಸ ಕಾರು. ನಮ್ಮ ಭಾರ ತಡೆಯಲ್ಲವಂತೆ” ಅಂದರು. ಅವನು ಆ ಹಂಪನ್ನು ಟ್ರೈಲರ್ ಸಮೇತ ನೆಗೆಸಿಕೊಂಡು ಹೋದ.

ಮುಂದೆ ಕುಡಿಯುವ ನೀರಿನ ಪೈಪಿಗೆಂದು ರಸ್ತೆಯನ್ನು ಅಡ್ಡಡ್ಡ ಸೀಳಿ ಮುಚ್ಚಿದ್ದರು. ಪ್ರತಿ ಸೀಳಿಗೂ ಇದೇ ಪೂಜೆ. ನಾವು ಹೋಗಿ ಮುಟ್ಟುವಾಗ ಧಾರೆ ಮುಗಿದು, ಎರಡನೇ ಪಂಕ್ತಿಯಲ್ಲಿ ಮಜ್ಜಿಗೆ ಬಂದಿತ್ತು.

ಅವನು ಹಂಪನ್ನು ನೇರವಾಗಿ ದಾಟುವುದಿಲ್ಲ, ಓರೆಯಾಗಿ ದಾಟುತ್ತಾನೆ. ಮೊದಲು ಮುಂದಿನ ಎಡಗಾಲು, ಆಮೇಲೆ ಬಲಗಾಲು, ಹೀಗೆ ಒಂದೊಂದೇ ಚಕ್ರ. ಹೊಟ್ಟೆ ತಾಗದಿರಲಿ ಎಂದು ಮಾಡುವ ಉಪಾಯ. ಈಗಿನ ಕಾರುಗಳಿಗೆ ಲಾರಿಗಿದ್ದ ಹಾಗೆ ಬೇರೆ ಚಾಸಿ ಇಲ್ಲ. ಸಾವಿರಗಟ್ಟಲೆ ಚುಕ್ಕೆ ಬೆಸುಗೆಗಳಿಂದ ಕೂಡಿಸಿದ ತಗಡಿನ ಪೆಟ್ಟಿಗೆಯೇ ಅದರ ಎಲುಬು. ಒಂದು ಮೂಲೆಯ ಚಕ್ರ ಮೇಲೆದ್ದಾಗ ಸ್ಪ್ರಿಂಗು ಕುಗ್ಗಿ ಆ ಎತ್ತರವನ್ನು ನುಂಗಬೇಕು. ಇವನ ಸ್ಪ್ರಿಂಗು ನುಂಗುವುದಿಲ್ಲ. ಕೆಲಸ ಮಾಡುವ ಸುತ್ತು 6 ಇದ್ದದ್ದು 5 ಆದರೆ ಬಿರುಸು ಶೇ. 20ರಷ್ಟು ಏರುತ್ತದೆ, ಕುಗ್ಗಲು ಉಳಿದ ಜಾಗವೂ ಕಡಿಮೆ. ಹಾಗಾಗಿ ಒಂದೊಂದು ಹಂಪಿನ ಮೇಲೂ ಇಡೀ ಬಾಡಿ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿ ಬಿಡುತ್ತದೆ. ಹೊಟ್ಟೆ ಉಳಿಸಲು ಹೋಗಿ ಬೆನ್ನು ಮುರಿದುಕೊಳ್ಳುವ ಈ ಜಾಣತನವನ್ನು ನಾವೆಲ್ಲ ಮಂಡಿಯೂರಿ ಬೆಂಬಲಿಸಿದೆವು.

ಗುಂಡಿಗಳದು ಇನ್ನೊಂದು ಕಥೆ. ಹಂಪು ಕಣ್ಣಿಗೆ ಕಾಣುತ್ತದೆ, ಮಳೆಗಾಲದ ಗುಂಡಿ ಕಾಣುವುದಿಲ್ಲ. ಧಡ್ ಅಂತ ಬಿದ್ದಾಗ ಸಸ್ಪೆನ್ಶನ್ ತಳ ಮುಟ್ಟಿ, ಬಂಪ್ ಸ್ಟಾಪ್ ಎಂಬ ರಬ್ಬರ್ ಗುಬಟಿಗೆ ಬಡಿದು, ಏಟು ನೇರ ತಗಡಿಗೆ ಹೋಗುತ್ತದೆ. ನಮಗೂ ಹೋಗುತ್ತದೆ. ಅತ್ತೆ ಹಿಂದಿನ ಸೀಟಿನಲ್ಲಿ “ಮಂಜುನಾಥಾ” ಅನ್ನುತ್ತಾರೆ. ಇವನು ಮಾತ್ರ ಎದೆ ಮುಟ್ಟಿಕೊಂಡು, “ಅಲಾಯ್ ವೀಲು!” ಅನ್ನುತ್ತಾನೆ.

ಮೊದಲು ಡ್ಯಾಶ್‌ಬೋರ್ಡಿನೊಳಗಿಂದ ಕಿರ್ ಕಿರ್ ಶುರುವಾಯಿತು. ಪೇಪರ್ ಮಡಿಸಿ ತುರುಕಿದ. ಆಮೇಲೆ ಮುಂದಿನ ಟೈರುಗಳು ಒಳಮಗ್ಗುಲಲ್ಲಿ ಬೋಳಾದವು. ಆಮೇಲೆ ಒಂದು ದಿನ ಮನೆ ಮುಂದೆ ಒಂದು ಚಕ್ರ ಫುಟ್‌ಪಾತಿಗೆ ಹತ್ತಿಸಿ ನಿಲ್ಲಿಸಿದಾಗ ಹಿಂದಿನ ಬಾಗಿಲು ಹಾಕಿಕೊಳ್ಳಲಿಲ್ಲ. ಕೆಳಗೆ ಇಳಿಸಿದರೆ ಸಲೀಸಾಗಿ ಹಾಕಿಕೊಂಡಿತು. “ಬಾಗಿಲಿಗೆ ಗ್ರೀಸ್ ಬೇಕು” ಅಂದ.

ಟಿಂಕರಿಂಗ್ ಮಾಡುವ ಒಬ್ಬ ಮುದುಕರ ಹತ್ತಿರ ಕರೆದುಕೊಂಡು ಹೋದೆ. ಅವರು ಬಾಗಿಲ ಕಡೆ ಹೋಗಲೇ ಇಲ್ಲ. ಬಾನೆಟ್ ಎತ್ತಿಸಿ, ಶಾಕ್ ಅಬ್ಸಾರ್ಬರಿನ ತಲೆ ಕೂರುವ ಏಪ್ರನ್ನಿನ ಮೇಲೆ ಟಾರ್ಚು ಬಿಟ್ಟರು. ಎರಡು ತಗಡು ಕೂಡುವ ಕಡೆ ಹಚ್ಚಿದ ಸೀಲೆಂಟ್ ಬಿರಿದಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಕೆರೆದರು. ಸೀಲೆಂಟ್ ಹಕ್ಕಳೆಯಾಗಿ ಎದ್ದು ಬಂತು, ಕೆಳಗೆ ಕಂದು ತುಕ್ಕು. ಬೆಸುಗೆಯ ಚುಕ್ಕೆಯ ಅಂಚಿನಿಂದ ಹೊರಟ ಕೂದಲೆಳೆಯ ಬಿರುಕೊಂದು ಪಕ್ಕದ ಚುಕ್ಕೆಯ ಕಡೆಗೆ ಹೊರಟಿತ್ತು, ಇನ್ನೇನು ಒಂದುಗುರು ದೂರ. ಮುದುಕರು ಅದರ ಮೇಲೆ ಉಗುರಾಡಿಸಿ, ಇವನನ್ನು ಬಿಟ್ಟು ನನ್ನ ಕಡೆ ತಿರುಗಿದರು.

“ಸ್ಪ್ರಿಂಗ್ ಮಾಡೋ ಕೆಲಸಾನ ತಗಡಿಗೆ ವಹಿಸಿದ್ದೀರಿ ಸಾರ್. ಅದು ಎಷ್ಟು ದಿನ ಮಾಡತ್ತೆ?”

ನನಗೆ ಒಳಗೊಳಗೇ ಖುಷಿಯಾಯಿತು. ಬೇಲೂರು ರಸ್ತೆಯ ಧೂಳು ಮಂಡಿಯಿಂದ ಹೋದಂತಾಯಿತು. ಆದರೆ ಇವನ ಮುಖ ನೋಡಿದೆ. ಬಿರುಕಿನ ಮೇಲೆ ಬೆರಳಿಟ್ಟುಕೊಂಡು ನಿಂತೇ ಇದ್ದ, ಮಾತಿಲ್ಲ. ಸಾಲದ ಕಂತು ಕಟ್ಟಲು ಭಾನುವಾರವೂ ಕೆಲಸಕ್ಕೆ ಹೋಗುವ ಹುಡುಗ. ಬೇರೆ ಬಣ್ಣದ ಎರಡು ಬಟ್ಟೆಯಲ್ಲಿ ಕಾರು ಒರೆಸುತ್ತಾನೆ, ಒಂದು ಗಾಜಿಗೆ, ಒಂದು ಬಾಡಿಗೆ. ಬೀದಿಯಲ್ಲಿ ಯಾರದೇ ಗಾಡಿ ಪಂಚರ್ ಆದರೂ ಜಾಕಿ ತಗೊಂಡು ಮೊದಲು ಓಡುವವನು ಇವನೇ.

ಅವನಪ್ಪ, ನಮ್ಮ ಮಾವ, ಒಂದು ಅಂಬಾಸಿಡರ್ ಇಟ್ಟಿದ್ದರು. ಅದಕ್ಕೂ ಬೇರೆ ಚಾಸಿ ಇರಲಿಲ್ಲ, ಆದರೂ ಹಿಂದೆ ಲೀಫ್ ಪಟ್ಟಿ ಹಾಕಿಕೊಂಡು ಗದ್ದೆ ಬದುವಿನ ಮೇಲೂ ಓಡುತ್ತಿತ್ತು. ಮಾವನವರಿಗೆ ಹಂಪು ಎಂಬ ವಸ್ತು ಜಗತ್ತಿನಲ್ಲಿದೆ ಎಂಬುದೇ ಗೊತ್ತಿದ್ದಂತಿರಲಿಲ್ಲ. ಆ ಕಾರನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಊರೆಲ್ಲ ಅದೇ ಕಾರಿತ್ತಲ್ಲ. ಹಿಂದಿನ ಸೀಟಿನಲ್ಲಿ ಎದ್ದು ಬಿದ್ದು ಬೆಳೆದ ಹುಡುಗನಿಗೆ ತನ್ನ ಕಾರನ್ನಾದರೂ ನಾಲ್ಕು ಜನ ನಿಂತು ನೋಡಲಿ ಅನ್ನಿಸಿದರೆ ಬೈಯುವುದು ಹೇಗೆ? ನಾನೂ ಕಾಲೇಜಿನಲ್ಲಿ ಲೋ ವೇಸ್ಟ್ ಜೀನ್ಸ್ ಹಾಕಿದವನೇ. ಬಸ್‌ಸ್ಟ್ಯಾಂಡಿನಲ್ಲಿ ಚಿಲ್ಲರೆ ಬಿದ್ದರೆ ಬಗ್ಗಿ ಎತ್ತಿಕೊಳ್ಳುವ ಧೈರ್ಯವಿರಲಿಲ್ಲ.

ಮುದುಕರು ಬಿರುಕಿನ ತುದಿಗೆ ಸಣ್ಣ ತೂತು ಕೊರೆದು, ಬೆಸೆದು, ಮೇಲೊಂದು ಪಟ್ಟಿ ಕೊಟ್ಟರು. ಕಂಪನಿ ಎತ್ತರದ ಸ್ಪ್ರಿಂಗ್ ತಂದರೇ ಗಾಡಿ ಬಿಡುವುದು ಎಂದು ಪಟ್ಟು ಹಿಡಿದರು. ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿ ಇವನು ನಾಲ್ಕು ಸ್ಪ್ರಿಂಗು ತಂದ. ಹಾಕಿ ಕೆಳಗಿಳಿಸಿದಾಗ ಟೈರಿನ ಮೇಲಿನ ಖಾಲಿ ಜಾಗ ನೋಡಿ, “ಥೂ, ಸ್ಕೂಲ್ ವ್ಯಾನ್ ಆಯ್ತು” ಎಂದು ರಾತ್ರಿ ಊಟ ಬಿಟ್ಟ. ಅತ್ತೆ ಮಾತ್ರ ಮಾರನೆಯ ದಿನವೇ ಮುಂದಿನ ಸೀಟಿನಲ್ಲಿ ಕೂತು ಧರ್ಮಸ್ಥಳಕ್ಕೆ ಹೋಗಿಬಂದರು, ಹೋಗುವಾಗ ಬರುವಾಗ ಒಂದು ಹಂಪಿಗೂ ಇಳಿಯದೆ.

ಈಚೆಗೆ ಊಟ ಸರಿಯಾಗಿದೆ. ಮೊನ್ನೆ ನನ್ನನ್ನು ಮಹಡಿಗೆ ಕರೆದು ಫೋನಿನಲ್ಲಿ ಏನೋ ತೋರಿಸುತ್ತ, “ಭಾವ, ಹಿಂದಿನ ಎರಡನ್ನ ಮಾತ್ರ, ಸ್ವಲ್ಪವೇ ಸ್ವಲ್ಪ ಇಳಿಸಿದ್ರೆ ಹೇಗೆ?” ಅಂದ. ಅತ್ತೆಗೆ ಇನ್ನೂ ಹೇಳಿಲ್ಲ.