ಧನಿಗಳ ವೆಬ್‌ಸೈಟು

ಪುತ್ತೂರು ಸೀಮೆಯಲ್ಲಿ ಒಬ್ಬ ಧನಿಗಳ ತೂಕ ಎಷ್ಟೆಂದು ತಿಳಿಯಲು ಹಿಂದೆ ಅವರ ಮನೆಯಂಗಳ ನೋಡಿದರೆ ಸಾಕಿತ್ತು. ಅಂಗಳ ತುಂಬ ಅಡಿಕೆ ಹರವಿದ್ದರೆ ಸಾಲ ಕೊಡುವವರಿಗೂ ಹೆಣ್ಣು ಕೊಡುವವರಿಗೂ ಬೇರೆ ವಿಚಾರಣೆ ಬೇಡ. ಆಮೇಲೆ ಜೀಪು ಬಂತು, ತಾರಸಿ ಮನೆ ಬಂತು, ಮಗ ಅಮೆರಿಕದಲ್ಲಿದ್ದಾನೆ ಎಂಬ ಮಾತು ಬಂತು. ಇವೆಲ್ಲ ಎಲ್ಲರಿಗೂ ಆಗಿಹೋದ ಮೇಲೆ ಈಗ ವೆಬ್‌ಸೈಟು. ದರ್ಬೆಯಿಂದ ಬೊಳುವಾರಿನವರೆಗೆ ಒಮ್ಮೆ ನಡೆದುಕೊಂಡು ಹೋಗಿ. ಹಾರ್ಡ್‌ವೇರು, ಜವುಳಿ, ಕ್ಯಾಟರಿಂಗು, ಹೋಮ್‌ಸ್ಟೇ ಎಂದು ಎಷ್ಟೋ ಬೋರ್ಡುಗಳ ಕೆಳಗೆ ತ್ರಿಬಲ್ ಡಬ್ಲ್ಯು ಎಂದು ಶುರುವಾಗುವ ಸಾಲೊಂದು ಕಾಣುತ್ತದೆ. ಅದನ್ನು ಯಾರಾದರೂ ಮೊಬೈಲಿನಲ್ಲಿ ಒತ್ತಿ ನೋಡಿದ್ದುಂಟೇ ಎಂದು ಕೇಳುವುದು ಮಾತ್ರ ಮರ್ಯಾದೆಯಲ್ಲ.

ಈ ಬಗೆಯವರಲ್ಲಿ ನನಗೆ ಹೆಚ್ಚು ಪ್ರೀತಿ ನರ್ಸರಿ ಧನಿಗಳ ಮೇಲೆ. ಇವರು ಪುತ್ತೂರಿನಲ್ಲೂ ಇದ್ದಾರೆ, ಸುಳ್ಯದಲ್ಲೂ ಇದ್ದಾರೆ. ಕಡಬ 2018ರಲ್ಲಿ ಬೇರೆ ತಾಲೂಕಾದ ಮೇಲೆ ಅಲ್ಲಿಗೂ ಪ್ರತ್ಯೇಕವಾಗಿ ಒಬ್ಬರು ಬೇಕಾಯಿತು. ಬಿಳಿ ಪಂಚೆ, ಅರ್ಧ ತೋಳಿನ ಶರಟು, ಜೇಬಿನಲ್ಲಿ ಎರಡು ಪೆನ್ನು. ಒಂದು ಬರೆಯುವುದಕ್ಕೆ, ಇನ್ನೊಂದು ಕೇಳಿದವರಿಗೆ ಕೊಟ್ಟು ವಾಪಸು ಇಸಕೊಳ್ಳುವುದಕ್ಕೆ.

ಧನಿಗಳು ಅಂಗಳದಲ್ಲಿ ಗಿರಾಕಿಯನ್ನು ಸುಧಾರಿಸುವುದನ್ನು ನೋಡಬೇಕು. ಮೇ ತಿಂಗಳ ಕೊನೆ, ಮೋಡ ಕವಿದಿದೆ, ಪಿಕಪ್ಪು ಬಂದು ನಿಲ್ಲುತ್ತದೆ. ಇಳಿದವನ ಕಾಲಿನ ಕೆಸರು ನೋಡಿಯೇ ಧನಿಗಳಿಗೆ ಅರ್ಧ ವಿಷಯ ಗೊತ್ತಾಗಿರುತ್ತದೆ. ಮೊದಲು ನೀರು ಬೆಲ್ಲ. ಆಮೇಲೆ ಮೂರೇ ಪ್ರಶ್ನೆ: "ಎಷ್ಟು ಗಿಡ? ಗುಡ್ಡೆಗೋ ಗದ್ದೆಗೋ? ಬೇಸಗೆಯಲ್ಲಿ ನೀರುಂಟಾ?" ಗದ್ದೆಗೆ ಎಂದರೆ ನೀರು ಬಸಿದುಹೋಗುವ ಉಜಿರುಕಣಿ ತೆಗೆದಾಯಿತಾ ಎಂದು ನಾಲ್ಕನೆಯದೊಂದು. ತೆಗೆದಿಲ್ಲ ಎಂದರೆ ಗಿಡವೇ ಕೊಡುವುದಿಲ್ಲ. "ಮೊದಲು ಕಣಿ ತೆಗೆ, ಮತ್ತೆ ಬಾ" ಎಂದು ಕಳಿಸುತ್ತಾರೆ. ಮೋಹಿತನಗರ ತಳಿಯೋ ಮಂಗಳ ತಳಿಯೋ ಎಂದು ತಲೆ ಕೆರೆಯುವವನಿಗೆ ಎರಡು ಮಾತಿನಲ್ಲಿ ವ್ಯತ್ಯಾಸ ಹೇಳಿ ಮುಗಿಸುತ್ತಾರೆ. ತೊಟ್ಟೆಯ ಗಿಡಗಳನ್ನು ಎಣಿಸಿ ಪಿಕಪ್ಪಿಗೆ ತುಂಬಿಸಿ, ಹಣ ಎಣಿಸಿ, ಗಾಡಿ ಗೇಟು ದಾಟುವಾಗ ಚಾ ಕೂಡ ಆರಿರುವುದಿಲ್ಲ. ಬಂದವನ ಹೊತ್ತು ಹಾಳು ಮಾಡದೆ ಕಳಿಸುವ ಈ ವಿದ್ಯೆಯನ್ನು ಅವರು ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ.

ಇಂಥವರು ವೆಬ್‌ಸೈಟು ಮಾಡಿಸಿದರೆ ಅದು ಹೇಗಿರುತ್ತದೆ?

ತೆರೆದ ಕೂಡಲೆ ಮಹಾಲಿಂಗೇಶ್ವರ. ಇದಕ್ಕೆ ನನ್ನ ತಕರಾರಿಲ್ಲ. ಪುತ್ತೂರಿನಲ್ಲಿ ಏನನ್ನೇ ಶುರುಮಾಡುವುದಿದ್ದರೂ ಅಲ್ಲಿಂದಲೇ. ಅನಂತರ ಕುಕ್ಕೆ ಸುಬ್ರಹ್ಮಣ್ಯ. ಅನಂತರ ಮನೆ ದೈವದ ಗುಡಿ, ಅನಂತರ ನರ್ಸರಿ ಶುರುಮಾಡದೇ ಇದ್ದ ಅಜ್ಜನ ಭಾವಚಿತ್ರ, ಶುರುಮಾಡಿದ ತಂದೆಯ ಭಾವಚಿತ್ರ, ಉದ್ಘಾಟನೆಯ ದಿನ ರಿಬ್ಬನ್ನು ಕತ್ತರಿಸಿದ ಗಣ್ಯರು, ಕತ್ತರಿ ಹಿಡಿದುಕೊಂಡಿದ್ದ ಗಣ್ಯರು, ಕತ್ತರಿಯ ತಟ್ಟೆ ಹಿಡಿದುಕೊಂಡಿದ್ದ ಮೊಮ್ಮಗಳು. ನಮ್ಮಲ್ಲಿ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಉಂಟಲ್ಲ, ಗೌರವಾಧ್ಯಕ್ಷರಿಂದ ಹಿಡಿದು ಹಸಿರುವಾಣಿ ಸಮಿತಿಯ ಸಹಸಂಚಾಲಕರವರೆಗೆ ಒಂದು ಹೆಸರು ಬಿಟ್ಟರೂ ಊರು ಎರಡಾಗುವಂಥದ್ದು, ಧನಿಗಳ ವೆಬ್‌ಸೈಟು ಅದರದ್ದೇ ತಮ್ಮ. ಆಮಂತ್ರಣದಲ್ಲಿ ಊಟ ಎಷ್ಟು ಗಂಟೆಗೆ ಎಂಬ ಸಾಲು ಕೊನೆಯ ಪುಟದ ಕೆಳಗಾದರೂ ಇರುತ್ತದೆ. ಇಲ್ಲಿ ಗಿಡ ಇದೆಯೋ ಇಲ್ಲವೋ ಎಂಬುದು ಎಲ್ಲೂ ಇಲ್ಲ.

ಒಂದೊಂದು ಫೋಟೋವೂ ದೊಡ್ಡ ಕ್ಯಾಮರಾದಲ್ಲಿ ತೆಗೆದದ್ದು, ಐದಾರು ಎಂಬಿ ತೂಕದ್ದು. ಮೊಬೈಲಿನ ಪರದೆಗೆ ಅದರ ಇಪ್ಪತ್ತರಲ್ಲೊಂದು ಪಾಲು ಧಾರಾಳ ಸಾಕು. ಅಷ್ಟಕ್ಕೆ ಇಳಿಸಲು ಕೆಲಸ ಗೊತ್ತಿದ್ದವನಿಗೆ ಒಂದು ನಿಮಿಷವೂ ಬೇಡ. ಧನಿಗಳು ಒಪ್ಪಬೇಕಲ್ಲ! "ಸಣ್ಣ ಮಾಡಿದರೆ ಅಪ್ಪನ ಮುಖದ ಗಾಂಭೀರ್ಯ ಹೋಗುತ್ತದೆ" ಎನ್ನುತ್ತಾರೆ. ಹೀಗಾಗಿ ಸುಬ್ರಹ್ಮಣ್ಯದ ಕಡೆ ಕಾಡಂಚಿನ ತೋಟದಲ್ಲಿ, ನೆಟ್‌ವರ್ಕಿನ ಒಂದೇ ಒಂದು ಕಡ್ಡಿ ಸಿಗುವ ಪಂಪ್‌ಶೆಡ್ಡಿನ ಬದಿಯಲ್ಲಿ ನಿಂತ ಕೃಷಿಕನಿಗೆ ತಂದೆಯವರು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿದು ಬರುತ್ತಾರೆ. ಮೊದಲು ಮುಂಡಾಸು. ಮುಂಡಾಸು ಮುಗಿದು ಹುಬ್ಬು ಬರುವಷ್ಟರಲ್ಲಿ ಕರೆಂಟು ಬಂದಿರುತ್ತದೆ. ಅವನು ಪಂಪು ಹಾಕಲು ಹೋಗುತ್ತಾನೆ.

ಸಂಗೀತವೂ ಉಂಟು. ಪುಟ ತೆರೆದು ಎಲ್ಲಿ ಬೆರಳು ಮುಟ್ಟಿದರೂ ತಾನಾಗಿ ಓಲಗ ಮೊಳಗುತ್ತದೆ. ಕಡಬ ಕಡೆಯ ಒಬ್ಬರು ಬೊಜ್ಜದ ಊಟಕ್ಕೆ ಪಂಕ್ತಿಯಲ್ಲಿ ಕೂತಿದ್ದರು. ಪಕ್ಕದವರು ಮೆಲ್ಲಗೆ, ಹಿಪ್ಪಲಿಗೆ ಕಸಿ ಕಟ್ಟಿದ ಮೆಣಸಿನ ಬಳ್ಳಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಇವರು ಎಡಗೈಯಲ್ಲಿ ಮೊಬೈಲು ತೆಗೆದು ಧನಿಗಳ ವೆಬ್‌ಸೈಟು ಒತ್ತಿದರು. ಸತ್ತವರ ಫೋಟೋದ ಎದುರಿನಲ್ಲೇ ಧಾರೆಯ ಮುಹೂರ್ತದ ಗಟ್ಟಿಮೇಳ! ನಿಲ್ಲಿಸುವ ಗುಂಡಿ ಪುಟದ ತೀರಾ ಕೆಳಗೆ, ಮೊಮ್ಮಗಳ ಫೋಟೋ ದಾಟಿದ ಮೇಲೆ. ಬಲಗೈಯಲ್ಲಿ ಸಾರನ್ನ. ಎಡಗೈ ಹೆಬ್ಬೆರಳಿನಲ್ಲಿ ಉಜ್ಜಿ ಉಜ್ಜಿ ಅಜ್ಜನನ್ನು ದಾಟಿದರು, ತಂದೆಯನ್ನು ದಾಟಿದರು, ಗಣ್ಯರಲ್ಲಿ ಸಿಕ್ಕಿಬಿದ್ದರು. ಕೊನೆಗೆ ಮೊಬೈಲನ್ನು ಬೈರಾಸಿನಲ್ಲಿ ಸುತ್ತಿ ಅದರ ಮೇಲೆ ಕೂತರು. ಮೆಣಸಿನ ಬಳ್ಳಿಯನ್ನು ಬೇರೆ ಕಡೆಯಿಂದ ತಂದರಂತೆ.

ಫೋನ್ ನಂಬರು ಇಲ್ಲವೆಂದಲ್ಲ. ಇದೆ, ಚಿತ್ರದ ಒಳಗೆ ಬರೆದು ಇಟ್ಟಿದ್ದಾರೆ, ಸುತ್ತ ಹೂವಿನ ಬಳ್ಳಿ. ಬೆರಳಿಟ್ಟರೆ ಕರೆ ಹೋಗುವುದಿಲ್ಲ, ಒತ್ತಿ ಹಿಡಿದರೆ ನಕಲಾಗುವುದಿಲ್ಲ. ಬಾಯಿಪಾಠ ಮಾಡಿಕೊಂಡು ಹೊರಗೆ ಬಂದು ಒತ್ತಬೇಕು. ಮೊದಲ ಐದು ಅಂಕೆ ಒತ್ತುವಾಗ ಉಳಿದ ಐದು ಮರೆತಿರುತ್ತದೆ. ಅದು ಬೇಡವಾದರೆ ಒಂದು ಅರ್ಜಿ ನಮೂನೆ ಉಂಟು. ಹೆಸರು, ಸಂಸ್ಥೆಯ ಹೆಸರು, ನಿಮ್ಮ ಹುದ್ದೆ, ಇಮೇಲು, ಪಿನ್‌ಕೋಡು. ಹತ್ತು ಅಡಿಕೆ ಗಿಡ ಬೇಕಾದವನ ಹುದ್ದೆ ಯಾವುದು? ಎಲ್ಲ ತುಂಬಿಸಿದ ಮೇಲೆ ನೀವು ಯಂತ್ರವಲ್ಲ ಮನುಷ್ಯರೇ ಎಂದು ಖಾತ್ರಿಮಾಡಿಕೊಳ್ಳಲು ಒಂಬತ್ತು ಚೌಕದ ಪರೀಕ್ಷೆ: ಫೈರ್ ಹೈಡ್ರೆಂಟ್ ಇರುವ ಚಿತ್ರಗಳನ್ನೆಲ್ಲ ಆರಿಸಿ. ಅಮೆರಿಕದ ರಸ್ತೆ ಬದಿಯಲ್ಲಿರುವ ಆ ಕೆಂಪು ಗೂಟವನ್ನು ನಮ್ಮವರು ಎಲ್ಲಿ ನೋಡಬೇಕು! ಒಬ್ಬರು ಅದನ್ನು ದೊಡ್ಡ ಗೇಟ್‌ವಾಲ್ವ್ ಎಂದು ತಿಳಿದು, ಇದೆಷ್ಟು ಇಂಚಿನದ್ದು, ಮಾರಾಟಕ್ಕುಂಟಾ ಎಂದು ವಿಚಾರಿಸಲು ನರ್ಸರಿಗೇ ಬಂದರು.

ದಾರಿ ತೋರಿಸುವ ನಕ್ಷೆಯಲ್ಲೂ ಧನಿಗಳದ್ದೇ ಕೈವಾಡ. ಕೆಂಪು ಚುಕ್ಕಿಯನ್ನು ನರ್ಸರಿಯ ಮೇಲೆ ಇಡುವ ಬದಲು ಮೂರು ಕಿಲೋಮೀಟರು ಆಚೆಯ ಮೂಲಮನೆಯ ಮೇಲೆ ಇಟ್ಟರು. "ಮೂಲ ಅಲ್ಲಿ ಅಲ್ವಾ" ಎಂಬುದು ಅವರ ವಾದ. ಹಾಗಾಗಿ ಪೆರ್ಲ, ಬದಿಯಡ್ಕದ ಕಡೆಯಿಂದ ಗಡಿ ದಾಟಿ ಬಂದ ಗಾಡಿಗಳೆಲ್ಲ ಮೂಲಮನೆಯ ಹಟ್ಟಿಯ ಎದುರು ನಿಲ್ಲುತ್ತವೆ. ಅಲ್ಲಿರುವ ದೊಡ್ಡಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟು, "ಹಿಂದೆ ಹೋಗಿ ಅಶ್ವತ್ಥಕಟ್ಟೆಯಲ್ಲಿ ಎಡಕ್ಕೆ" ಎಂದು ಕಳಿಸುತ್ತಾರೆ. ಕಂಪ್ಯೂಟರಿನವರು ಇದಕ್ಕೆ ರೀಡೈರೆಕ್ಟ್ ಎನ್ನುತ್ತಾರೆ. ಅವರದ್ದರಲ್ಲಿ ಮಜ್ಜಿಗೆ ಇರುವುದಿಲ್ಲ.

ಇನ್ನು ಭಾಷೆ. ಧನಿಗಳು ಮನೆಯಲ್ಲಿ ಹವ್ಯಕ, ಆಳುಗಳ ಹತ್ತಿರ ತುಳು, ಸುಳ್ಯದ ಗೌಡರ ಹತ್ತಿರ ಅರೆಭಾಷೆ, ಕಾಸರಗೋಡಿನ ಲಾರಿಯವನ ಹತ್ತಿರ ಮಲಯಾಳ, ಉಳಿದವರ ಹತ್ತಿರ ಕನ್ನಡ ಮಾತಾಡುತ್ತಾರೆ. ಈ ಐದರಲ್ಲಿ ಒಂದೂ ವೆಬ್‌ಸೈಟಿನಲ್ಲಿಲ್ಲ. ಅದಿರುವುದು ಇಂಗ್ಲಿಷಿನಲ್ಲಿ. ವರ್ಲ್ಡ್ ಕ್ಲಾಸ್, ಒನ್ ಸ್ಟಾಪ್ ಸೊಲ್ಯೂಷನ್ ಎಂಬುವೆಲ್ಲ ಉಂಟು. ಕನ್ನಡದಲ್ಲಿ ಒಂದು ಪುಟ ಮಾಡಿಸಿದ್ದರಂತೆ. ಹಳೆಯ ನುಡಿ ಫಾಂಟಿನಲ್ಲಿ ಡಿಟಿಪಿಯವನು ಹೊಡೆದುಕೊಟ್ಟದ್ದನ್ನು ಯೂನಿಕೋಡಿಗೆ ತಾರದೆ ಹಾಗೇ ಅಂಟಿಸಿದ್ದರಿಂದ, ಆ ಫಾಂಟು ಇಲ್ಲದ ಮೊಬೈಲುಗಳಲ್ಲಿ ಕೊಂಬು, ಬಾಲ, ಚುಕ್ಕಿ ಬಂದ ರೋಮನ್ ಅಕ್ಷರಗಳ ಜಾತ್ರೆ ಕಾಣಿಸಿತು. 1996ರಷ್ಟು ಹಿಂದೆಯೇ 'ವಿಶ್ವಕನ್ನಡ' ಎಂಬ ಕನ್ನಡ ತಾಣವನ್ನು ಅಂತರಜಾಲಕ್ಕೆ ತಂದ ಯು. ಬಿ. ಪವನಜರ ಹೆಸರಿನ ಎರಡು ಅಕ್ಷರಗಳು ಉಬರಡ್ಕ ಮತ್ತು ಬೆಳ್ಳಿಪ್ಪಾಡಿ. ಒಂದು ಸುಳ್ಯದ ಊರು, ಇನ್ನೊಂದು ಪುತ್ತೂರಿನದು. ಕನ್ನಡಕ್ಕೆ ಅಷ್ಟು ಬೇಗ ಅಂತರಜಾಲದಲ್ಲಿ ಜಾಗ ಹಿಡಿದುಕೊಟ್ಟವರ ಊರಿನಲ್ಲಿ ಧನಿಗಳು ಕನ್ನಡ ಪುಟವನ್ನೇ ತೆಗೆಸಿಹಾಕಿ, "ಇಂಗ್ಲಿಷಾದರೆ ಅಕ್ಷರ ಆದರೂ ಕಾಣುತ್ತದೆ" ಎಂದು ಸಮಾಧಾನಪಟ್ಟರು.

ಹಾಗೆಂದು ಧನಿಗಳಿಗೆ ಒಳ್ಳೆಯ ಮಾದರಿ ಗೊತ್ತಿಲ್ಲದೆ ಇಲ್ಲ. 1988ರಿಂದ ಪುತ್ತೂರಿನಿಂದ ಬರುತ್ತಿರುವ 'ಅಡಿಕೆ ಪತ್ರಿಕೆ' ಅವರ ಮೇಜಿನ ಮೇಲೆಯೇ ಇರುತ್ತದೆ. ಕೃಷಿಕ ತಾನು ಮಾಡಿದ್ದನ್ನು ತಾನೇ ಬರೆಯುತ್ತಾನೆ, ಕೊನೆಗೆ ಅವನ ಫೋನ್ ನಂಬರು. ಧನಿಗಳು ಅದನ್ನು ಓದುವುದು ಕೊನೆಯಿಂದ: ಮೊದಲು ನಂಬರು, ಆಮೇಲೆ ಫೋನು, ಪುರುಸೊತ್ತಾದರೆ ಲೇಖನ. ಸಾಯಂಕಾಲ ವಾಟ್ಸಾಪಿನಲ್ಲಿ ಬರುವ, ಅಡಿಕೆ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ದರವನ್ನೂ ನೋಡುತ್ತಾರೆ. ಹೊಸ ಅಡಿಕೆ ಇಷ್ಟು, ಹಳೆ ಅಡಿಕೆ ಇಷ್ಟು, ಕೋಕ ಇಷ್ಟು. ಕ್ಯಾಂಪ್ಕೋ 1973ರಲ್ಲಿ ಹೇಗೆ ಹುಟ್ಟಿತು, ಯಾರು ಕಟ್ಟಿದರು ಎಂಬ ಚರಿತ್ರೆಯನ್ನು ದಿನವೂ ದರದ ಮೇಲೆ ಹೇರಿದ್ದರೆ ಧನಿಗಳೇ ಮೊದಲು ಬೈಯುತ್ತಿದ್ದರು.

ಅವರ ನರ್ಸರಿಯ ಗೇಟಿನಲ್ಲೇ ಒಂದು ಕರಿಹಲಗೆ ಉಂಟು. ಲೆಕ್ಕ ಬರೆಯುವ ಅಕ್ಕ ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಬರೆಯುವುದು: "ಅಡಿಕೆ ಇದೆ. ಗೇರು ಭಾಸ್ಕರ ಇದೆ. ತೆಂಗು ಸೋಮವಾರ. ಮೆಣಸು ಮುಗಿದಿದೆ. 1ರಿಂದ 2 ಊಟ." ಕೆಳಗೆ ಮೊಬೈಲ್ ನಂಬರು. ದಾರಿಯಲ್ಲಿ ಹೋಗುವವರು ಬೈಕು ಪೂರಾ ನಿಲ್ಲಿಸದೆ ಓದುತ್ತಾರೆ. ಅಕ್ಕನಿಗೆ ಇದಕ್ಕೆ ಬೇರೆ ಸಂಬಳ ಇಲ್ಲ.

ಧನಿಗಳ ಅಣ್ಣನ ಮಗ ಬೆಂಗಳೂರಿನ ಕಂಪೆನಿಯವನು, ಕೊರೊನಾ ಕಾಲಕ್ಕೆ ಊರಿಗೆ ಬಂದವನು ತೋಟದಲ್ಲೇ ಉಳಿದು ತಾರಸಿಯ ಮೇಲೆ ಕೂತು ಕೆಲಸ ಮಾಡುತ್ತಾನೆ. ವೆಬ್‌ಸೈಟಿನ ಆರೈಕೆ ಅವನ ತಲೆಗೆ ಬಂತು. ಮನೆಮಾತಿನಲ್ಲಿ ನಡೆದ ಸಂಭಾಷಣೆಯನ್ನು ಎಲ್ಲರಿಗೂ ತಿಳಿಯುವ ಕನ್ನಡಕ್ಕೆ ಇಳಿಸಿದ್ದೇನೆ.

"ಅಪ್ಪಚ್ಚಿ, ಅಮೆರಿಕದಲ್ಲಿ ಸ್ಟೀವ್ ಕ್ರುಗ್ ಅಂತ ಒಬ್ಬ 2000ನೇ ಇಸವಿಯಲ್ಲೇ ಪುಸ್ತಕ ಬರೆದಿದ್ದಾನೆ. ಬಂದವನಿಗೆ ಯೋಚನೆ ಮಾಡುವ ಕೆಲಸ ಕೊಡಬೇಡಿ ಅಂತ ಅದರ ಹೆಸರೇ."

"ನಮ್ಮಲ್ಲಿಗೆ ಬರುವವರು ಯೋಚನೆ ಮಾಡಿಯೇ ಬರುವುದು ಮಾಣಿ. ಯೋಚನೆ ಇಲ್ಲದವರು ಬೇರೆ ನರ್ಸರಿಗೆ ಹೋಗಲಿ."

"1991ರಲ್ಲಿ ಟಿಮ್ ಬರ್ನರ್ಸ್‌ ಲೀ ಮಾಡಿದ ಮೊದಲನೇ ವೆಬ್‌ಸೈಟಿನಲ್ಲಿ ಬರೀ ಅಕ್ಷರ, ಒಂದು ಫೋಟೋ ಇಲ್ಲ."

"ಪಾಪ, ಅವನಿಗೆ ಫೋಟೋ ಹಾಕ್ಲಿಕ್ಕೆ ಗೊತ್ತಿರಲಿಲ್ಲವೋ ಏನೋ."

ಮಾಣಿ ಹಳೆಯ ಕಡತ ಕೆದಕಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಮೊದಲಿನ ವೆಬ್‌ಸೈಟು ಫ್ಲ್ಯಾಶ್‌ನಲ್ಲಿ ಮಾಡಿದ್ದು. ಅಡಿಕೆ ಸೋಗೆ ಅಲುಗಾಡುತ್ತಾ ತೆರೆದುಕೊಳ್ಳುತ್ತಿತ್ತು. ಅಡೋಬಿಯವರು 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಮಂಗಳ ಹಾಡಿದರು. ಜನವರಿ 12ರಿಂದ ಮುಂದೆ ಧನಿಗಳ ಸೈಟು ಬರೀ ಖಾಲಿ ಚೌಕ. ಗಿಡ ಕೊಳ್ಳುವವರಲ್ಲಿ ಒಬ್ಬನೇ ಒಬ್ಬನೂ ಕರೆ ಮಾಡಿ ಹೀಗಾಗಿದೆ ಎನ್ನಲಿಲ್ಲ. ಹೇಳಿದ್ದು ಸುಳ್ಯದ ಭಾವ, ಧನಿಗಳ ಹೆಂಡತಿಯ ಅಣ್ಣ. ಅವರದ್ದೂ ನರ್ಸರಿ, ಅವರಿಗೂ ವೆಬ್‌ಸೈಟು. ಸಂಕ್ರಾಂತಿಯ ದಿನ ಬೆಳಿಗ್ಗೆ ಏಳು ಗಂಟೆಗೇ ಫೋನು: "ಸಂಕ್ರಾಂತಿಯ ಶುಭಾಶಯ ಭಾವಾ. ಎಂತ, ನಿಮ್ಮದು ಕಾಣ್ತಾ ಇಲ್ಲ?"

ಹೊಸ ಸೈಟಿನ ಬುಡದಲ್ಲಿ ಭೇಟಿ ಕೊಟ್ಟವರ ಲೆಕ್ಕ ತೋರಿಸುವ ಒಂದು ಅಂಕೆಯೂ ಇದೆ. ಅದು ದಿನಾ ಏರುವುದು ಕಂಡು ಧನಿಗಳಿಗೆ ಸಂತೋಷ. ಮಾಣಿ ಹುಡುಕಿ ನೋಡಿದ. ದಿನಾ ಬರುವವರು ಇಬ್ಬರೇ: ಅಂಕೆ ಏರಿತಾ ಎಂದು ಗಳಿಗೆಗೊಮ್ಮೆ ತೆರೆದು ನೋಡುವ ಧನಿಗಳು ಮತ್ತು ಸುಳ್ಯದಿಂದ ಒಬ್ಬರು.

ಹೋದ ಮಳೆಗಾಲಕ್ಕೆ ಮೊದಲು ಧನಿಗಳು ಒಂದು ವಾರ ಕಾಶಿಗೆ ಹೋದರು. ಅಷ್ಟರಲ್ಲಿ ಮಾಣಿ ಎಲ್ಲ ಬದಲಾಯಿಸಿಬಿಟ್ಟ. ಒಂದೇ ಪುಟ, ಕನ್ನಡದಲ್ಲಿ. ಮೇಲೆ ಸಣ್ಣದಾಗಿ ಮಹಾಲಿಂಗೇಶ್ವರ, ಕೆಳಗೆ ಅಕ್ಕನ ಕರಿಹಲಗೆಯ ಐದು ಸಾಲು ಅವತ್ತವತ್ತಿನದು, ಒತ್ತಿದರೆ ಕರೆ ಹೋಗುವ ನಂಬರು, ಸರಿಯಾದ ಜಾಗದಲ್ಲಿ ಚುಕ್ಕಿ. ಅಜ್ಜ, ತಂದೆ, ಗಣ್ಯರು ಎಲ್ಲ ಬೇಕಾದವರು ಒತ್ತಿ ನೋಡಬಹುದಾದ ಬೇರೊಂದು ಪುಟಕ್ಕೆ ಹೋದರು. ಪಂಪ್‌ಶೆಡ್ಡಿನ ಬದಿಯಲ್ಲೂ ರಪ್ಪನೆ ತೆರೆಯುತ್ತಿತ್ತು.

ಧನಿಗಳು ಗಂಗಾಜಲದ ತಂಬಿಗೆ ಹಿಡಿದುಕೊಂಡು ಬರುವಾಗ ನರ್ಸರಿ ಅರ್ಧ ಖಾಲಿ. ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿದೆ. ಇನ್ನೊಂದು ವಾರದಲ್ಲಿ ಅಡಿಕೆ ಗಿಡ ಪೂರ್ತಿ ಮುಗಿಯಿತು, ಫೋನು ಮುಗಿಯಲಿಲ್ಲ. ಊಟಕ್ಕೆ ಕೂತರೆ ಫೋನು, ಜಪಕ್ಕೆ ಕೂತರೆ ಫೋನು. ಧನಿಗಳು ತಾರಸಿ ಹತ್ತಿ ಬಂದರು.

"ಮಾಣಿ, ಆ ಹಳೇದು ಉಂಟಲ್ಲ, ಓಲಗದ್ದು. ಅದನ್ನು ವಾಪಸು ಹಾಕು."

"ಯಾಕೆ ಅಪ್ಪಚ್ಚಿ? ಗಿಡ ಮುಗಿದಿದೆ ಅಂತ ಒಂದು ಸಾಲು ಹಾಕಿದರೆ ಫೋನು ತಾನಾಗಿ ನಿಲ್ಲುತ್ತದೆ."

"ಮುಗಿದಿದೆ ಅಂತ ಹಾಕ್ಲಿಕ್ಕೆ ಆಗ್ತದಾ? ಭಾವ ನೋಡ್ತಾರೆ."