ಅರ್ಜಿ ಮೇಷ್ಟ್ರು

ತಾಲ್ಲೂಕು ಕಚೇರಿ ಇರುವ ಊರಿನಲ್ಲೆಲ್ಲ ಒಬ್ಬ ಅರ್ಜಿ ಮೇಷ್ಟ್ರು ಇರುತ್ತಾರೆ. ಇವರು ಪಾಠ ಹೇಳಿದವರೇ ಆಗಬೇಕೆಂದಿಲ್ಲ. ನಿವೃತ್ತ ಬ್ಯಾಂಕ್ ನೌಕರರೂ ಆದೀತು, ಮೀಟರ್ ರೀಡರ್ ಆಗಿದ್ದವರೂ ಆದೀತು. ಕೈಬರಹ ದುಂಡಗಿರಬೇಕು, ಮನೆ ಮುಂದಿನ ಚರಂಡಿ ಅರ್ಧಕ್ಕೆ ನಿಂತಿರಬೇಕು. ಇಷ್ಟಿದ್ದರೆ ಉಳಿದದ್ದನ್ನು 2005ರ ಮಾಹಿತಿ ಹಕ್ಕು ಕಾಯ್ದೆ ನೋಡಿಕೊಳ್ಳುತ್ತದೆ.

ಅರ್ಜಿ ಮೇಷ್ಟ್ರ ರೆಕ್ಸಿನ್ ಬ್ಯಾಗಿನಲ್ಲಿ ನಮೂನೆ ‘ಎ’ಯ ಜೆರಾಕ್ಸ್ ಪ್ರತಿಗಳೂ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರುಗಳೂ ಸದಾ ಸಿದ್ಧ. ಅಂಚೆ ಕಚೇರಿಯಲ್ಲಿ ಪೋಸ್ಟಲ್ ಆರ್ಡರ್ ಎಂಬ ವಸ್ತು ಈಗಲೂ ಸಿಗುತ್ತದೆಂದು ಊರಿಗೆ ಗೊತ್ತಿರುವುದೇ ಇವರಿಂದ. ಅರ್ಜಿಯನ್ನು ಆನ್‌ಲೈನ್‌ನಲ್ಲೂ ಹಾಕಬಹುದೆಂದು ಮೊಮ್ಮಗಳು ಹೇಳಿದ್ದಾಳೆ. ಆದರೆ ಕಂಪ್ಯೂಟರು ಟಪಾಲು ಶಾಖೆಯ ಮೊಹರು ಒತ್ತುವುದಿಲ್ಲ. ಮೊಹರಿಲ್ಲದ ಸ್ವೀಕೃತಿ ಮೇಷ್ಟ್ರಿಗೆ ಕುಂಕುಮವಿಲ್ಲದ ಲಗ್ನಪತ್ರಿಕೆ.

ಇವರ ನಿಜವಾದ ಶತ್ರು ಅಧಿಕಾರಿಯಲ್ಲ, ಪದಮಿತಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ ಅದು 150 ಪದ ಮೀರಬಾರದು. ಮೇಷ್ಟ್ರು ‘ಮಾನ್ಯರೇ, ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂದು ಶುರುಮಾಡಿ, ಬಡಾವಣೆಯ ಇತಿಹಾಸ, ಅಂದಿನ ಪುರಸಭಾ ಅಧ್ಯಕ್ಷರ ಭರವಸೆ, ಸೊಳ್ಳೆ, ತಮ್ಮ ಮಂಡಿನೋವು ಎಲ್ಲವನ್ನೂ ದಾಟಿ ಚರಂಡಿಗೆ ತಲುಪುವ ಹೊತ್ತಿಗೆ ಪದಗಳು ಮುಗಿದಿರುತ್ತವೆ. ಮಾಹಿತಿ ಏಕೆ ಬೇಕೆಂದು ಅರ್ಜಿದಾರ ಹೇಳಬೇಕಾಗಿಲ್ಲ ಎಂದು ಕಾಯ್ದೆಯ 6(2)ನೇ ಕಲಮೇ ಹೇಳುತ್ತದೆ. ಮೇಷ್ಟ್ರಿಗೆ ಈ ಕಲಮು ಬಾಯಿಪಾಠ. ಆದರೂ ಕಾರಣ ಹೇಳದೆ ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ಎರಡು ಪುಟ ಬರೆಯುತ್ತಾರೆ.

ಮೊದಲ ಅರ್ಜಿಯಲ್ಲಿ ಎಲ್ಲ ಅರ್ಜಿ ಮೇಷ್ಟ್ರುಗಳೂ ಕೇಳುವುದು ಒಂದೇ ಪ್ರಶ್ನೆ: ‘ಚರಂಡಿ ಏಕೆ ಮುಗಿದಿಲ್ಲ?’ ಇದಕ್ಕೆ ಕಚೇರಿ ಉತ್ತರಿಸಬೇಕಾಗಿಲ್ಲ. ಕಾಯ್ದೆ ಕೊಡಿಸುವುದು ಕಡತದಲ್ಲಿ ಇರುವುದನ್ನು. ಇಲ್ಲದ ವಿವರಣೆಯನ್ನು ಹೊಸದಾಗಿ ಬರೆಸಿ ಕೊಡಿಸುವುದಿಲ್ಲ. ಈ ಪಾಠ ಕಲಿತ ಮೇಲೆ ಮೇಷ್ಟ್ರು ನಿಜಕ್ಕೂ ಅಪಾಯಕಾರಿಯಾಗುತ್ತಾರೆ. ‘ಏಕೆ’ ಬಿಟ್ಟು, ಕಾಮಗಾರಿಯ ಅಂದಾಜುಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ, ಗುತ್ತಿಗೆದಾರರ ಬಿಲ್ಲು, ಇವುಗಳ ದೃಢೀಕೃತ ನಕಲು ಕೇಳುತ್ತಾರೆ. ಅಳತೆ ಪುಸ್ತಕದಲ್ಲಿ ಚರಂಡಿ ಪೂರ್ತಿ ಮುಗಿದಿದ್ದರೆ ‘ಏಕೆ’ಗೆ ಉತ್ತರ ತಾನೇ ಸಿಕ್ಕಿತು. ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಕಾಯ್ದೆಯಲ್ಲಿದೆ. ಮೇಷ್ಟ್ರು ಸಿಮೆಂಟು, ಜಲ್ಲಿಯ ಪೊಟ್ಟಣ ಕೇಳಿದ ದಿನ ಇಂಜಿನಿಯರು ರಜೆ ಹಾಕುತ್ತಾರೆ.

ಮೇಷ್ಟ್ರು ಬಂದರೆ ಕಚೇರಿಯಲ್ಲಿ ಕುರ್ಚಿಗೆ ಮುಂಚೆ ಕಾಫಿ ಬರುತ್ತದೆ. ‘ಏನ್ ಸಾರ್, ಬಾಯಲ್ಲಿ ಕೇಳಿದ್ರೆ ಹೇಳ್ತಿರ್ಲಿಲ್ವಾ? ಅರ್ಜಿ ಯಾಕೆ?’ ಎಂದು ಗುಮಾಸ್ತ ನೊಂದುಕೊಳ್ಳುತ್ತಾನೆ. ‘ಬಾಯಲ್ಲಿ ಕೇಳಿಕೇಳಿಯೇ ಹಲ್ಲು ಬಿದ್ದಿದ್ದು ಕಣಪ್ಪ’ ಎಂದು ಮೇಷ್ಟ್ರು ಕಾಫಿ ಕುಡಿದು, ಸ್ವೀಕೃತಿ ಪಡೆದೇ ಏಳುತ್ತಾರೆ. ಕಚೇರಿಗೆ 30 ದಿನ ಗಡುವು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಚರಂಡಿಯ ಸೊಳ್ಳೆ ಜೀವದ ಪ್ರಶ್ನೆಯೇ ಎಂದು ಮೇಷ್ಟ್ರು ಒಮ್ಮೆ ವಾದಿಸಿಯೂ ನೋಡುತ್ತಾರೆ. ಅರ್ಜಿ ತಪ್ಪಿ ಬೇರೆ ಕಚೇರಿಗೆ ಹೋಗಿದ್ದರೆ ಐದು ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಬೇಕು. ‘ನಮ್ಮದಲ್ಲ, ಪಂಚಾಯ್ತಿಗೆ ಹೋಗಿ’ ಎನ್ನುವ ಹಳೆಯ ಉತ್ತರ ಅರ್ಜಿ ಮೇಷ್ಟ್ರ ಮುಂದೆ ನಡೆಯುವುದಿಲ್ಲ. ನಕಲಿಗೆ ಪುಟಕ್ಕೆ ಎರಡು ರೂಪಾಯಿ. ಗಡುವು ಮೀರಿದರೆ ಅದೂ ಉಚಿತ. ಆದ್ದರಿಂದ 31ನೇ ದಿನ ಮೇಷ್ಟ್ರ ಮುಖದಲ್ಲಿ ಕಾಣುವುದು ಕೋಪವಲ್ಲ, ಹಬ್ಬದ ಕಳೆ.

ಇದೇ ಕಾಯ್ದೆ ಹಿಡಿದು ಅರ್ಜಿ ಹಾಕುವುದು, ಕವರು ಪಡೆದು ಸುಮ್ಮನಾಗುವುದು, ಹೀಗೆ ದಂಧೆ ಮಾಡಿಕೊಂಡವರೂ ಇದ್ದಾರೆ. ಅವರ ವಿಸಿಟಿಂಗ್ ಕಾರ್ಡಿನಲ್ಲಿ ಚಿನ್ನದ ಬಣ್ಣದ ಅಕ್ಷರಗಳಿರುತ್ತವೆ. ಮೇಷ್ಟ್ರಿಗೆ ಕಾರ್ಡೇ ಇಲ್ಲ. ಕಚೇರಿ ಮಾತ್ರ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ, ಹಾಗೆ ತೂಗುವುದು ಅದಕ್ಕೆ ಅನುಕೂಲ.

ಉತ್ತರ ಬಾರದಿದ್ದರೆ, ಬಂದರೂ ಅರೆಬರೆಯಾಗಿದ್ದರೆ, 30 ದಿನದೊಳಗೆ ಅದೇ ಇಲಾಖೆಯ ಹಿರಿಯ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ನ್ಯಾಯ ಸಿಗದಿದ್ದರೆ 90 ದಿನದೊಳಗೆ ಬೆಂಗಳೂರಿನ ಮಾಹಿತಿ ಆಯೋಗ. ಅಲ್ಲಿನ ಸರದಿ ದೊಡ್ಡದು, ಪಿಂಚಣಿದಾರರ ತಾಳ್ಮೆ ಅದಕ್ಕಿಂತ ದೊಡ್ಡದು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ, ಹೆಚ್ಚೆಂದರೆ 25,000 ರೂಪಾಯಿ ದಂಡ ಹಾಕುತ್ತದೆ. ದಂಡದ ಹಣ ಸರ್ಕಾರಕ್ಕೆ ಸೇರುತ್ತದೆ, ಮೇಷ್ಟ್ರಿಗಲ್ಲ. ಮೇಷ್ಟ್ರು ಆ ಆದೇಶಕ್ಕೂ ದೃಢೀಕೃತ ನಕಲು ಕೇಳುತ್ತಾರೆ.